ಲಿಂಕನ್, ಫೆಲ್ಪ್ಸ್ ಇಬ್ಬರಲ್ಲ, ಒಬ್ಬರೇ

1829ರ ಅಮೆರಿಕನ್ ಸಸ್ಯಶಾಸ್ತ್ರ ಪಠ್ಯ ‘ಫೆಮಿಲಿಯರ್ ಲೆಕ್ಚರ್ಸ್ ಆನ್ ಬಾಟನಿ’ಯ ಲೇಖಕಿ ‘ಮಿಸೆಸ್ ಲಿಂಕನ್’ ಆಮೇಲೆ ಎಲ್ಲಿ ಹೋದರು ಎಂದು ಕೇಳಿದ್ದೀರಿ. ಮರುಮದುವೆಯಿಂದ ಹೆಸರು ಬದಲಾದದ್ದೇ ಕಾರಣವಿರಬೇಕು. ಪತಿ ಸಿಮಿಯನ್ ಲಿಂಕನ್ 1823ರಲ್ಲಿ ತೀರಿಕೊಂಡರು. 1831ರಲ್ಲಿ ಆಕೆ ವಕೀಲ ಜಾನ್ ಫೆಲ್ಪ್ಸ್ ಅವರನ್ನು ವರಿಸಿದರು.

ಮೊದಲು ಆಕೆಯ ಪೂರ್ಣ ಹೆಸರು ‘ಅಲ್ಮೈರಾ ಹಾರ್ಟ್ ಲಿಂಕನ್ ಫೆಲ್ಪ್ಸ್’ ಎಂದು ಹುಡುಕಿ. ಸಿಗದಿದ್ದರೆ ಲೇಖಕರ ಹೆಸರನ್ನೇ ಬಿಟ್ಟು ‘ಫೆಮಿಲಿಯರ್ ಲೆಕ್ಚರ್ಸ್ ಆನ್ ಬಾಟನಿ’ ಎಂದು ಕೊಡಿ. ಬಳಿಕ ಆಕೆ ಕೆಲಸ ಮಾಡಿದ ಶಾಲೆಗಳ ಜಾಡು ಹಿಡಿಯಿರಿ: ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನಲ್ಲಿ ಆಕೆಯ ಅಕ್ಕ ಎಮ್ಮಾ ವಿಲ್ಲರ್ಡ್ ಅವರ ಹೆಣ್ಣುಮಕ್ಕಳ ಶಾಲೆ, 1841ರಿಂದ ಮೇರಿಲ್ಯಾಂಡ್‌ನ ಪಟಾಪ್ಸ್ಕೊ ಹೆಣ್ಣುಮಕ್ಕಳ ಶಾಲೆ. ಅಕ್ಕನ ಕೀರ್ತಿಯ ಮರೆಯಲ್ಲಿ ತಂಗಿಯನ್ನು ಅಡಿಟಿಪ್ಪಣಿಗೆ ತಳ್ಳಿದವರೇ ಹೆಚ್ಚು; ಆದ್ದರಿಂದ ವಿಲ್ಲರ್ಡ್ ಕುರಿತ ಪುಸ್ತಕಗಳ ಪದಸೂಚಿಯನ್ನೂ ನೋಡಿ.

ನಿಮ್ಮ ಪ್ರತಿಯ ಶೀರ್ಷಿಕೆಪುಟ ಕಾಣದೆ ಯಾವ ಮುದ್ರಣವೆಂದು ಹೇಳಲಾರೆ. ಅದರ ಚಿತ್ರ ಹಾಕಿ.