ಮೂರು ಆ್ಯಪ್, ಮೂರು ಮಳೆ

ಪ್ರಶ್ನೆ: ನಮ್ಮದು ಅಡಿಕೆ ತೋಟ. ಕೊಳೆರೋಗಕ್ಕೆ ಔಷಧಿ ಹೊಡೆಸಲು ಎರಡು ದಿನವಾದರೂ ಮಳೆ ಬಿಟ್ಟು ಹೊಳವಾಗಬೇಕು. ಮಗ ಮೊಬೈಲಿಗೆ ಮೂರು ಹವಾಮಾನ ಆ್ಯಪ್ ಹಾಕಿಕೊಟ್ಟಿದ್ದಾನೆ. ನಾಳೆಗೆ ಒಂದು ಬಿಸಿಲು ಅನ್ನುತ್ತದೆ, ಒಂದು ಗುಡುಗು, ಇನ್ನೊಂದು ತುಂತುರು. ಯಾವುದನ್ನು ನಂಬಲಿ?
– ಕೃಷಿಕರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಆ ಸೂರ್ಯ, ಮೋಡದ ಚಿತ್ರಗಳನ್ನು ಮೊದಲು ಮರೆತುಬಿಡಿ ಮಾರಾಯ್ರೆ. ಅವು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಕಂಪ್ಯೂಟರ್ ಹಾಕಿದ ಲೆಕ್ಕ. ಈ ಲೆಕ್ಕಕ್ಕೆ ‘ಮಾದರಿ’ ಅನ್ನುತ್ತಾರೆ. ಯುರೋಪಿನ ಮಾದರಿಯಲ್ಲಿ ಒಂದು ಚೌಕ ಸುಮಾರು 9 ಕಿ.ಮೀ., ಅಮೆರಿಕದ್ದು ಇನ್ನೂ ಅಗಲ. ನಿಮ್ಮಲ್ಲಿ ಗುಡ್ಡದ ಆಚೆ ಸುರಿದದ್ದು ಈಚೆ ಹನಿಯುವುದಿಲ್ಲ. ಚೌಕಕ್ಕೆ ಅದೆಲ್ಲಿ ಗೊತ್ತಾಗಬೇಕು? ‘ವಿಂಡಿ’ ಆ್ಯಪ್‌ನಲ್ಲಿ ಎರಡೂ ಮಾದರಿಗಳನ್ನು ಅಕ್ಕಪಕ್ಕ ನೋಡಬಹುದು. ಎರಡೂ ಹೊಳವು ಅಂದರೆ ಔಷಧಿಗೆ ಮೈಲುತುತ್ತ ನೆನೆಹಾಕಿ. ಜಗಳವಾಡಿದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಹೇಳಿಕಳಿಸಬೇಡಿ.

ಹವಾಮಾನ ಇಲಾಖೆಯ ‘ಮೌಸಮ್’ ಜಾಲತಾಣವನ್ನೂ ನೋಡಿ, ಆದರೆ ಅದರ ಭಾಷೆ ತಿಳಿದು ನೋಡಿ. ‘ಅಲ್ಲಲ್ಲಿ ಮಳೆ’ ಅಂದರೆ ಜಿಲ್ಲೆಯ ಕಾಲು ಭಾಗಕ್ಕಿಂತ ಹೆಚ್ಚು ಮಳೆಮಾಪನ ಕೇಂದ್ರಗಳಲ್ಲಿ ಬೀಳದು ಎಂದರ್ಥ. ‘ಭಾರಿ ಮಳೆ’ ಅಂದರೆ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದ್ದು. ಹಳದಿ, ಕಿತ್ತಳೆ ಎಂದು ಎಚ್ಚರಿಕೆಯ ಬಣ್ಣ ಕೊಡುವುದು ಇಡೀ ಜಿಲ್ಲೆಗೆ. ಕಾರವಾರಕ್ಕೂ ಮುಂಡಗೋಡಿಗೂ ಒಂದೇ ಬಣ್ಣ! ಅದನ್ನು ನೋಡಿ ತೋಟದ ಕೆಲಸ ನಿಲ್ಲಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಬಿದ್ದ ಮಳೆಯ ಲೆಕ್ಕಕ್ಕೆ ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೇ ಗಟ್ಟಿ. ಗ್ರಾಮ ಪಂಚಾಯಿತಿಗೊಂದು ಮಳೆಮಾಪಕವಿದ್ದು, 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತದೆ. ಇಂಟರ್ನೆಟ್ ಕೈಕೊಟ್ಟರೆ ಅವರ ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ.

ಜೊತೆಗೆ ಅಂಗಳದಲ್ಲಿ ಒಂದು ಡಬ್ಬಿ ಇಡಿ. ಬಾಯಿಂದ ತಳದವರೆಗೆ ಒಂದೇ ಅಗಲ ಇರಬೇಕು, ಸೂರಿನ ಹನಿ ಬೀಳಬಾರದು. ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲ್ ಇಳಿಸಿ ನೋಡಿ, ಚೆಲ್ಲಿ. ಇಲಾಖೆಯವರ ಮಳೆ-ದಿನವೂ ಆ ಹೊತ್ತಿಗೇ ಮುಗಿಯುವುದರಿಂದ ಪಂಚಾಯಿತಿ ಮಾಪಕದ ಜೊತೆ ತಾಳೆ ನೋಡಬಹುದು. 1 ಮಿ.ಮೀ. ಅಂದರೆ ಗುಂಟೆಗೆ ಸುಮಾರು 101 ಲೀಟರ್ ನೀರು.

ಮರೆಯಬಾರದ್ದು ‘ದಾಮಿನಿ’. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಈ ಆ್ಯಪ್ 20ರಿಂದ 40 ಕಿ.ಮೀ. ಆಸುಪಾಸಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ತೋಟದ ಕೆಲಸಕ್ಕೆ ಬಳಸುವ ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ವಿದ್ಯುತ್ ಹರಿಯುತ್ತದೆ. ಫೋನ್ ಕೂಗಿದ ತಕ್ಷಣ ದೋಟಿ ಮಲಗಿಸಿ ಮನೆ ಸೇರಿಕೊಳ್ಳಿ.

ಪ್ರಶ್ನೆ: ಅಣೆಕಟ್ಟೆಯ ನೀರಿನ ಮಟ್ಟ ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಂದು ಬಗೆ ಬರುತ್ತದೆ. ನಿಜವಾದದ್ದು ಎಲ್ಲಿ ಸಿಗುತ್ತದೆ?
– ಓದುಗರೊಬ್ಬರು, ಮದ್ದೂರು

ಉತ್ತರ: ಅದೇ ಉಸ್ತುವಾರಿ ಕೇಂದ್ರದ ಜಾಲತಾಣದಲ್ಲಿ ಜಲಾಶಯಗಳ ದೈನಿಕ ವರದಿ ಇರುತ್ತದೆ. ಅಡಿಯನ್ನಷ್ಟೇ ಓದಬೇಡಿ, ನೀರು ಎಷ್ಟಿದೆ ಎಂದು ಹೇಳುವ ಟಿಎಂಸಿ (ನೂರು ಕೋಟಿ ಘನ ಅಡಿ) ಲೆಕ್ಕ ನೋಡಿ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ಸಂಗ್ರಹ ಸುಮಾರು 49 ಟಿಎಂಸಿ. ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ, ಹಾಗಾಗಿ 120ರ ಮೇಲಿನ ಒಂದಡಿಯಲ್ಲಿ ಹಿಡಿಯುವಷ್ಟು ನೀರು 80ರ ಹತ್ತಿರದ ಒಂದಡಿಯಲ್ಲಿ ಹಿಡಿಯುವುದಿಲ್ಲ. ‘ಒಂದೇ ದಿನ ಮೂರಡಿ ಏರಿಕೆ’ ಎಂಬ ಸುದ್ದಿ ಬಂದರೆ ಎಷ್ಟರಿಂದ ಎಷ್ಟಕ್ಕೆ ಏರಿತು ಎಂದು ಕೇಳಿ.