ಮಿನಿಯಾಪೊಲಿಸ್‌ಗೆ ಕಂಪ್ಯೂಟರ್ ಚರಿತ್ರೆ ಓದಲು ಬರುವವರಿಗೆ

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು, ಕಂಪ್ಯೂಟರ್ ಮತ್ತು ಎಐ ಚರಿತ್ರೆಯಲ್ಲಿ ಪಿಎಚ್‌ಡಿ ಮಾಡಲು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೆ ಬರಬಹುದಾ ಅಂತ ಕೇಳಿದ್ದೀರಿ. ಖರ್ಚು ತೂಗುತ್ತಾ, ಮುಂದೆ ಕೆಲಸ ಸಿಗುತ್ತಾ, ಚಳಿ ತಡೆಯೋಕಾಗುತ್ತಾ ಅನ್ನೋದು ನಿಮ್ಮ ಚಿಂತೆ. ಇದೇ ವಿಷಯ ಓದಿ, ಇದೇ ಊರಲ್ಲಿ ಪಾಠ ಮಾಡಿಕೊಂಡು ನೆಲೆಸಿದವಳು ನಾನು. ಗೊತ್ತಿದ್ದಷ್ಟು ಹೇಳ್ತೀನಿ.

ಚಳಿ ಮೊದಲು ಮುಗಿಸಿಬಿಡೋಣ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ಇಲ್ಲಿ ಅದು ಸುದ್ದಿಯೇ ಆಗಲ್ಲ. ಮನೆ, ಬಸ್ಸು, ತರಗತಿ ಎಲ್ಲ ಬೆಚ್ಚಗಿರುತ್ತೆ. ಕ್ಯಾಂಪಸ್ಸಿನ ಎರಡು ದಡ ಕೂಡಿಸುವ ವಾಷಿಂಗ್ಟನ್ ಅವೆನ್ಯೂ ಸೇತುವೆ ಮೇಲೆ ನಡೆಯುವವರಿಗೆಂದೇ ಮುಚ್ಚಿದ ಓಣಿ ಇದೆ. ದಪ್ಪ ಕೋಟು ಅಲ್ಲಿಂದ ಹೊತ್ತು ತರಬೇಡಿ, ಇಲ್ಲೇ ಕೊಳ್ಳಿ.

ದುಡ್ಡಿನ ಮಾತನ್ನ ನಿಧಾನವಾಗಿ ಓದಿ. ಅಸಿಸ್ಟೆಂಟ್‌ಶಿಪ್, ಅಂದರೆ ಪಾಠಕ್ಕೋ ಸಂಶೋಧನೆಗೋ ನೆರವಾಗಿ ಪಡೆಯುವ ಸಂಬಳ, ಸಾಮಾನ್ಯವಾಗಿ ಒಂಬತ್ತು ತಿಂಗಳ ಲೆಕ್ಕದ್ದು. ಬೇಸಿಗೆಯಲ್ಲಿ ಏನು ಗತಿ ಅಂತ ಆಫರ್ ಒಪ್ಪುವ ಮೊದಲೇ ವಿಭಾಗಕ್ಕೆ ಬರೆದು ಕೇಳಿ. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. ಹಳೇ ಸ್ನೇಹಿತರಿಗೆ ಗುಟ್ಟಾಗಿ ಕೋಡ್ ಬರೆದುಕೊಟ್ಟು ನಾಲ್ಕು ಕಾಸು ಮಾಡ್ಕೋತೀನಿ ಅನ್ನೋ ಯೋಚನೆ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಓದು ಮುಗಿದ ಮೇಲೆ ಒಂದು ವರ್ಷದ ಒಪಿಟಿ, ಅಂದರೆ ಇಲ್ಲೇ ಕೆಲಸ ಮಾಡುವ ಅನುಮತಿ, ಸಿಗುತ್ತೆ. ಸಾಫ್ಟ್‌ವೇರ್ ಓದಿದವರಿಗೆ ಅದರ ಮೇಲೆ ಸಿಗುವ ಎರಡು ವರ್ಷದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಸ್ತರಣೆ ನಿಮಗೂ ಉಂಟು ಅಂದುಕೊಂಡು ಕೂರಬೇಡಿ. ಪ್ರಬಂಧದ ತುಂಬ ಕಂಪ್ಯೂಟರ್ ಇದ್ದರೂ ಲೆಕ್ಕಕ್ಕೆ ಬರೋದು ವೀಸಾಗಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ನಮೂದಾಗಿರುವ ಕೋರ್ಸಿನ ಸಂಕೇತ. ಇನ್ನು ಪ್ರಾಧ್ಯಾಪಕ ಹುದ್ದೆಗಳು ಬೆರಳೆಣಿಕೆಯಷ್ಟು. ಸಂಬಳಕ್ಕಾಗಿ ಬರೋದಾದರೆ ಬರಲೇಬೇಡಿ ಅಂತೀನಿ.

ಈ ವಿಷಯಕ್ಕಾಗಿ ಬರೋದಾದರೆ ಮಾತ್ರ ಇದಕ್ಕಿಂತ ಒಳ್ಳೆ ಊರು ನನಗೆ ಕಂಡಿಲ್ಲ. 1946ರಲ್ಲೇ ಪಕ್ಕದ ಸೇಂಟ್ ಪಾಲ್‌ನಲ್ಲಿ ಎಂಜಿನಿಯರಿಂಗ್ ರಿಸರ್ಚ್ ಅಸೋಸಿಯೇಟ್ಸ್ ಅನ್ನೋ ಕಂಪ್ಯೂಟರ್ ಕಂಪನಿ ಶುರುವಾಯ್ತು. ಅಲ್ಲಿ ಪಳಗಿದವರು 1957ರಲ್ಲಿ ಕಂಟ್ರೋಲ್ ಡೇಟಾ ಕಟ್ಟಿದರು. ಆ ಕಂಪನಿಯ 3600 ಯಂತ್ರ 1964ರಲ್ಲಿ ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಗೆ ಬಂತು. ಇನ್ನು ಕಂಪ್ಯೂಟರ್ ಚರಿತ್ರೆಯ ದಾಖಲೆ ಕೂಡಿಡುವ ಚಾರ್ಲ್ಸ್ ಬ್ಯಾಬೇಜ್ ಇನ್‌ಸ್ಟಿಟ್ಯೂಟ್ 1980ರಿಂದ ಇದೇ ವಿಶ್ವವಿದ್ಯಾಲಯದಲ್ಲಿದೆ. ಅದರ ಕಾಗದಪತ್ರ ಇರೋದು ಆಂಡರ್ಸನ್ ಲೈಬ್ರರಿಯ ಕೆಳಗೆ, ಮಿಸಿಸಿಪ್ಪಿ ದಂಡೆಯ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ. ಬೇಕಾದ ಪೆಟ್ಟಿಗೆ ಮೊದಲೇ ಹೇಳಿಟ್ಟರೆ ಮೇಲೆ ತಂದುಕೊಡ್ತಾರೆ. ಪೆನ್ನು ಒಳಗೆ ಬಿಡಲ್ಲ, ಪೆನ್ಸಿಲ್ ಒಯ್ಯಿರಿ. ಎನಿಯಾಕ್ ಅನ್ನೋ ಆರಂಭಕಾಲದ ಎಲೆಕ್ಟ್ರಾನಿಕ್ ಕಂಪ್ಯೂಟರಿನ ಪೇಟೆಂಟನ್ನ 1973ರಲ್ಲಿ ಇದೇ ಮಿನಿಯಾಪೊಲಿಸ್‌ನ ನ್ಯಾಯಾಲಯ ರದ್ದು ಮಾಡಿತಲ್ಲ, ಆ ಮೊಕದ್ದಮೆಯ ದಾಖಲೆಗಳೂ ಅಲ್ಲೇ ಇವೆ.

ಆದರೆ ಪೆಟ್ಟಿಗೆಯಲ್ಲಿ ಉಳಿದಿರೋದು ಹೆಚ್ಚಾಗಿ ಕಂಪನಿ ಉಳಿಸಿಕೊಂಡದ್ದು. ಎಐ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಎಐ ಹುಟ್ಟಿದ್ದು ಅಲ್ಲೇ ಅಂತ ಹೇಳುವ 1956ರ ಡಾರ್ಟ್‌ಮತ್ ಶಿಬಿರದ ಗಂಡಸರ ಹೆಸರು ಎಲ್ಲರಿಗೂ ಬಾಯಿಪಾಠ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ವೈಜೆನ್‌ಬಾಮ್ ಪ್ರಕಟಿಸಿದ ಎಲಿಜಾ ಅನ್ನೋ ಸಂಭಾಷಣೆಯ ಪ್ರೋಗ್ರಾಮಿನ ಕಥೆ ಕೇಳಿರ್ತೀರಿ: ಅದರ ಜೊತೆ ಮಾತಿಗೆ ಕೂತ ಅವರ ಕಾರ್ಯದರ್ಶಿ, ಸ್ವಲ್ಪ ಹೊತ್ತಿಗೇ ‘ನೀವು ಹೊರಗಿರಿ’ ಅಂದರಂತೆ. ಯಂತ್ರಕ್ಕೆ ಮರುಳಾದರು ಅಂತ ನಗಲು ಎಲ್ಲರೂ ಇದನ್ನ ಹೇಳ್ತಾರೆ. ಹೇಳುವವರು ಆಕೆಯ ಹೆಸರೆತ್ತಲ್ಲ. ದಿನವಿಡೀ ಬೇರೆಯವರ ಕಾಗದ ಟೈಪ್ ಮಾಡಿದ ಹೆಂಗಸು ಏಕಾಂತದಲ್ಲಿ ಏನು ಹೇಳಬೇಕೆಂದಿದ್ದಳು ಅಂತ ಕೇಳೋದಂತೂ ದೂರ. ನಮ್ಮ ಕಸುಬು ಶುರುವಾಗೋದು ಆ ಪ್ರಶ್ನೆಯಿಂದ. ಇಂಜಿನಿಯರಿಂಗ್‌ನಿಂದ ಬಂದವರಿಗೆ ಆ ಕಡೆ ತಿರುಗೋಕೆ ಸಮಯ ಹಿಡಿಯುತ್ತೆ. ಯಂತ್ರ ಏನು ಮಾಡಿತು ಅನ್ನೋದರಲ್ಲೇ ಸುತ್ತುತ್ತಾರೆ.

ಆಮೇಲೆ, ಇಲ್ಲಿನ ಕನ್ನಡಿಗರ ಯುಗಾದಿ ಊಟದ ಸಾಲಿನಲ್ಲಿ ‘ಹಿಸ್ಟರಿನಾ? ಕೋಡಿಂಗ್ ಬಿಟ್ಬಿಟ್ರಾ?’ ಅಂತ ಕೇಳೇ ಕೇಳ್ತಾರೆ. ಮುನಿಸಿಕೊಳ್ಳಬೇಡಿ. ಹಾಗೆ ಕೇಳಿದ ಹಿರಿಯರೊಬ್ಬರ ಪಕ್ಕ ಕೂತು ಹೋಳಿಗೆ ತಿನ್ನುವಾಗಲೇ ನನಗೆ ತೂತು ಕೊರೆದ ಕಾರ್ಡುಗಳಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದ ಕಾಲದ ಒಂದು ಉಪಾಯ ಗೊತ್ತಾಗಿದ್ದು. ಪಂಚ್ ಮಾಡಿದ ಕಾರ್ಡುಗಳನ್ನ ಒಟ್ಟಾಗಿ ಹಿಡಿದು, ಮೇಲಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಓರೆಯಾಗಿ ಒಂದು ಗೆರೆ ಎಳೆದಿಡೋರಂತೆ. ಕೈಜಾರಿ ಬಿದ್ದರೂ ಗೆರೆ ಕೂಡಿಸಿಕೊಂಡು ಜೋಡಿಸಬಹುದು. ಕಂಪನಿಯ ವಾರ್ಷಿಕ ವರದಿ ಓದಿದ್ದರೆ ಇದು ನನಗೆ ಸಿಗ್ತಿರಲಿಲ್ಲ.

ನಿಮ್ಮ ತಂದೆ ಉಡುಪಿಯಲ್ಲಿ ಬ್ಯಾಂಕಿನಲ್ಲಿದ್ದರು ಅಂತ ಬರೆದಿದ್ದೀರಿ. ಬ್ಯಾಂಕಿಗೆ ಕಂಪ್ಯೂಟರ್ ತರುವ ಬಗ್ಗೆ ನೌಕರರ ಸಂಘಗಳಿಗೂ ಆಡಳಿತಕ್ಕೂ 1983ರಲ್ಲಿ ಒಪ್ಪಂದವಾಯ್ತು. ಆಮೇಲೆ ಶಾಖೆಗಳಿಗೆ ಖಾತೆಗಳ ಲೆಕ್ಕ ಬರೆದಿಡುವ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ವಿಮಾನ ಹತ್ತೋ ಮುಂಚೆ ಅವರನ್ನ ಕೂರಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ: ಆ ಯಂತ್ರಕ್ಕೆ ಯಾರನ್ನ ಕೂರಿಸಿದರು, ಸಂಘದವರು ಏನಂದರು, ದಪ್ಪ ಲೆಡ್ಜರು ಬರೆಯುತ್ತಿದ್ದವರನ್ನ ಎಲ್ಲಿಗೆ ಹಾಕಿದರು. ಐ-20 ಕೈಗೆ ಬಂದ ಮೇಲೆ ಕೋರ್ಸಿನ ಆ ಸಂಕೇತ ನೋಡಿಕೊಂಡು ನನಗೊಂದು ಸಾಲು ಬರೆಯಿರಿ.