ಬೆಂಗಳೂರಲ್ಲಿ ಒಬ್ಬರೇ ಹೋಗಿ ಕೂರೋಕೆ ಹಳೇ ಬಾರ್

ಗುರುಗಳೇ, ಶಿವಮೊಗ್ಗದಿಂದ ಹೊಸದಾಗಿ ಬಂದಿದೀನಿ, ಡಿಜೆ ಗಲಾಟೆ ಇಲ್ಲದ, ಒಬ್ಬನೇ ಹೋದ್ರೂ ಮುಜುಗರ ಆಗದ ಹಳೇ ಬಾರ್ ಯಾವ್ದು ಅಂತ ಕೇಳಿದ್ರಿ. ತಡವಾಗಿ ಬಂದ್ರಿ ಅಂತಲೇ ಹೇಳ್ಬೇಕು. 1933ರಲ್ಲಿ ಶುರುವಾಗಿದ್ದ ದಂಡು ಪ್ರದೇಶದ ಡೀವರ್ಸ್ ಬಾರ್ ಮುಚ್ಚಿ ಎಷ್ಟೋ ವರ್ಷ ಆಯ್ತು.

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ಗೆ ಮಧ್ಯಾಹ್ನ ಹೋಗಿ. ಒಂದು ಬಿಯರ್ ಇಟ್ಕೊಂಡು ಪೇಪರ್ ಓದ್ತಾ ಕೂತ್ರೆ ಯಾರೂ ಎಬ್ಬಿಸಲ್ಲ. ಹಳೇ ರಾಕ್ ಹಾಡು ಇಷ್ಟ ಇದ್ರೆ ರೆಸ್ಟ್ ಹೌಸ್ ರಸ್ತೆಯ ಪೆಕೋಸ್, 1989ರದ್ದು. ಅಲ್ಲಿ ಸದ್ದು ಜಾಸ್ತಿ, ಮೊದಲೇ ಹೇಳಿದೀನಿ.

ಆದ್ರೆ ನಿಮಗೆ ಬೇಕಿರೋದು ಜನ ಅನ್ಸತ್ತೆ. ಹಾಗಿದ್ರೆ ನಿಮ್ಮ ಏರಿಯಾದಲ್ಲೇ 'ಬಾರ್ ಅಂಡ್ ರೆಸ್ಟೋರೆಂಟ್' ಬೋರ್ಡಿನ ಯಾವುದಾದ್ರೂ ಹಳೇ ಜಾಗ ಹುಡುಕಿ. ಟೇಬಲ್ ಹಂಚ್ಕೊಂಡು ಕೂರೋ ಕಡೆ ಮಾತು ತಾನಾಗೇ ಶುರುವಾಗತ್ತೆ. ಯಶವಂತಪುರದ ಹತ್ರ ಒಂದ್ಸಲ ನನ್ನೆದುರು ಕೂತವರು ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ಕೈಯಲ್ಲಿದ್ದ ಅಪ್ಪನ ವಾಚ್ ಬಿಚ್ಚಿಸ್ಕೊಂಡು, ಕಿವಿಗೆ ಹಿಡಿದು, 'ಎಣ್ಣೆ ಹಾಕ್ಸಿ ಸ್ವಾಮಿ, ಒಣಗಿದೆ' ಅಂದ್ರು. ಅವರು ಹಾಕ್ತಿದ್ದ ಎಣ್ಣೆ ಮಾತ್ರ ಒಂದೇ ನೈಂಟಿ, ಜೊತೆಗೆ ಕಡಲೆಬೀಜ. ಎಂಟೂವರೆಗೆ ಎದ್ದು ಹೋದ್ರು.

ಏಳು ಗಂಟೆ ಒಳಗೆ ಹೋಗಿ, ಆಮೇಲೆ ಬರೋರು ಬರೀ ಜಗಳದ ಮೂಡಲ್ಲಿರ್ತಾರೆ. ಸಪ್ಲೈಯರ್‌ಗೆ ಟಿಪ್ಸ್ ಕೊಡಿ, ಮುಂದಿನ ಸಲ ಫ್ಯಾನ್ ಕೆಳಗೇ ಜಾಗ ಸಿಗತ್ತೆ. ಗಾಡಿ ಮನೇಲೇ ಬಿಟ್ಟು ಹೋಗಿ.